ಹೆಂಡತಿಯೇ ಹೊಡೆದರೆ ಗಂಡ ಡಿವಿ ಆಕ್ಟ್ ಅಡಿ ಅರ್ಜಿ ಹಾಕಬಹುದೇ?

ಪ್ರಶ್ನೆ: ಹೆಂಡತಿ ಹೊಡೆಯುತ್ತಾಳೆ, ಬೆದರಿಸುತ್ತಾಳೆ. ಗಂಡಸಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆ ಇದೆಯೇ? ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ಉತ್ತರ: ಆ ಕಾಯ್ದೆಯಲ್ಲಿ ಇಲ್ಲ. 2005ರ ಕಾಯ್ದೆಯ ಕಲಂ 2(ಎ) ಪ್ರಕಾರ ಅರ್ಜಿದಾರರು ಮಹಿಳೆಯೇ ಆಗಿರಬೇಕು. ಈ ಬಗ್ಗೆ ಗೊಂದಲ ಶುರುವಾದದ್ದು 2016ರಲ್ಲಿ. ಎದುರುದಾರರ ವ್ಯಾಖ್ಯೆಯಲ್ಲಿದ್ದ ‘ವಯಸ್ಕ ಪುರುಷ’ ಎಂಬ ಮಾತನ್ನು ಸುಪ್ರೀಂ ಕೋರ್ಟ್ ಆ ವರ್ಷ ತೆಗೆದುಹಾಕಿತು. ಹಾಗಾಗಿ ಈಗ ಅತ್ತೆ, ನಾದಿನಿ, ಸೊಸೆಯ ಮೇಲೂ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕುವವರು ಯಾರಿರಬೇಕು ಎಂಬುದನ್ನು ಆ ತೀರ್ಪು ಮುಟ್ಟಲಿಲ್ಲ. 2017ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಗಂಡನ ಅರ್ಜಿಯನ್ನೂ ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಹೇಳಿ, ಸ್ವಲ್ಪ ದಿನಗಳಲ್ಲೇ ಆ ಆದೇಶವನ್ನು ಹಿಂಪಡೆಯಿತು. ಆ ಹಳೆಯ ಸುದ್ದಿಯನ್ನು ನಂಬಿ ಇಂದಿಗೂ ಅರ್ಜಿ ಹಾಕುವವರಿದ್ದಾರೆ. ಅದಕ್ಕೆ ಹಣ, ಸಮಯ ಎರಡನ್ನೂ ಕಳೆಯಬೇಡಿ.

ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಗಂಡಸರ ಎಷ್ಟೋ ದೂರುಗಳು ದುರ್ಬಲವಾಗುವುದು ಅಲ್ಲೇ: ನಾಚಿಕೆಗೆ ‘ಜಾರಿ ಬಿದ್ದೆ’ ಎಂದುಬಿಡುತ್ತಾರೆ, ವೈದ್ಯರು ಹಾಗೇ ಬರೆದುಕೊಳ್ಳುತ್ತಾರೆ, ಮುಂದೆ ಆ ಒಂದು ಸಾಲನ್ನೇ ಎದುರು ವಕೀಲರು ಹಿಡಿಯುತ್ತಾರೆ. ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಎಂಎಲ್‌ಸಿ (ಪೊಲೀಸ್ ಪ್ರಕರಣವಾಗಬಹುದಾದ ಗಾಯದ ವೈದ್ಯಕೀಯ ದಾಖಲೆ) ದಾಖಲಿಸುವಂತೆ ಕೇಳಿ.

ನಂತರ ಠಾಣೆಗೆ ಲಿಖಿತ ದೂರು ಕೊಡಿ. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಕೈಯಿಂದ ಹೊಡೆದು ಸಾಮಾನ್ಯ ಗಾಯವಾಗಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 115(2)ರ ಅಪರಾಧ, ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರಿನ ಸಾರಾಂಶ ಬರೆದುಕೊಂಡು ನಿಮ್ಮನ್ನು ಕೋರ್ಟಿಗೆ ಕಳಿಸುತ್ತಾರೆ. ‘ಗಂಡಸೆಂದು ದೂರು ತೆಗೆದುಕೊಳ್ಳಲಿಲ್ಲ’ ಎಂಬ ಬೇಸರ ಕೆಲವೊಮ್ಮೆ ಹುಟ್ಟುವುದು ಇದರಿಂದ. ಹೀಗೆ ಬರೆದುಕೊಂಡ ಅಸಂಜ್ಞೇಯ ದೂರಿನ ವರದಿಯ (ಎನ್‌ಸಿಆರ್) ಪ್ರತಿ ಪಡೆಯದೆ ಬರಬೇಡಿ. ಚಾಕು, ಕಾದ ಎಣ್ಣೆಯಂಥದ್ದು ಬಳಕೆಯಾಗಿದ್ದರೆ (118) ಅಥವಾ ಮೂಳೆ ಮುರಿದಿದ್ದರೆ (117) ಮಾತು ಬೇರೆ, ಎಫ್‌ಐಆರ್ ಆಗಲೇಬೇಕು. ‘ಮನೆ ಜಗಳ, ಮಾತಾಡಿಕೊಳ್ಳಿ’ ಎಂದು ವಾಪಸ್ ಕಳಿಸಿದರೆ ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಪ್ರಮಾಣಪತ್ರ (ಅಫಿಡವಿಟ್) ಸಮೇತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಕೌಟುಂಬಿಕ ನ್ಯಾಯಾಲಯದ್ದು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ ಕಲಂ 7ರ ಅಡಿ, ವೈವಾಹಿಕ ಸಂಬಂಧದಿಂದ ಹುಟ್ಟಿದ ವಿಷಯಕ್ಕೆ ಗಂಡನಾಗಲಿ ಹೆಂಡತಿಯಾಗಲಿ ತಡೆಯಾಜ್ಞೆ ಕೇಳಬಹುದು. ತಾತ್ಕಾಲಿಕ ತಡೆಯಾಜ್ಞೆ ಮುರಿದವರನ್ನು ಮೂರು ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಲು ಅವಕಾಶವಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯದ ಆಧಾರದ ವಿಚ್ಛೇದನವೂ ಇಬ್ಬರಿಗೂ ಸಮಾನ. ಮದುವೆಯಾಗಿ ಒಂದು ವರ್ಷ ತುಂಬದಿದ್ದರೆ ವಿಚ್ಛೇದನಕ್ಕೆ ಸಾಮಾನ್ಯವಾಗಿ ಕಾಯಬೇಕು, ಮದುವೆ ಉಳಿದೇ ಬೇರೆ ಇರಲು ಕೋರ್ಟ್ ಕೊಡುವ ನ್ಯಾಯಿಕ ಪ್ರತ್ಯೇಕತೆಗೆ (ಕಲಂ 10) ಆ ಕಾಯುವಿಕೆ ಇಲ್ಲ. ಸ್ವಂತ ಆದಾಯವಿಲ್ಲದ ಗಂಡ ಕಲಂ 24ರ ಅಡಿ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು.

‘ನಾನು ದೂರು ಕೊಟ್ಟರೆ ಅವಳು 498ಎ ಹಾಕುತ್ತಾಳೆ’ ಎಂಬ ಭಯ ಬಹಳ ಮಂದಿಯನ್ನು ಸುಮ್ಮನಿರಿಸುತ್ತದೆ. 498ಎ ಎಂದರೆ ಹೆಂಡತಿಗೆ ಗಂಡ ಅಥವಾ ಅವನ ಸಂಬಂಧಿಕರು ಕೊಡುವ ಕ್ರೌರ್ಯಕ್ಕೆ ಹಳೆಯ ದಂಡ ಸಂಹಿತೆಯಲ್ಲಿದ್ದ ಕಲಂ. ಅದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ ಕಲಂ 85 ಆಗಿದೆ. ದೂರು ಬಂದ ಕೂಡಲೇ ಬಂಧಿಸುವಂತಿಲ್ಲ, ಬಂಧನ ಏಕೆ ಅಗತ್ಯ ಎಂದು ಪೊಲೀಸರು ಕಾರಣ ದಾಖಲಿಸಬೇಕು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ಹಾಜರಾಗದಿದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತಾಗುತ್ತದೆ.

ಇಷ್ಟಿದ್ದರೂ ಗಂಡಸಿಗೆ ಒಂದು ಕೊರತೆ ನಿಜವಾಗಿ ಇದೆ. ಡಿವಿ ಆಕ್ಟ್‌ನಲ್ಲಿ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ. ತುರ್ತಿದ್ದರೆ ಎದುರುದಾರರನ್ನು ಕೇಳುವ ಮೊದಲೇ ಏಕಪಕ್ಷೀಯ ಆದೇಶ. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಂಡಸಿಗೆ ಇವೆಲ್ಲ ಒಂದೇ ಅರ್ಜಿಯಲ್ಲಿ ಸಿಗುವ ಕಾನೂನು ಇಲ್ಲ. ಆದರೆ ಇದಕ್ಕೆ ಮಹಿಳೆಯರ ಕಾಯ್ದೆಯನ್ನು ಸಡಿಲಿಸುವುದು ಪರಿಹಾರವೆಂದು ನಾವು ಒಪ್ಪುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49ರ ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಮಹಿಳೆಯರಿಗಾಗಿ ವಿಶೇಷ ಕಾನೂನು ಮಾಡಲು ಸಂವಿಧಾನದ 15(3)ನೇ ವಿಧಿ ಅವಕಾಶ ಕೊಟ್ಟಿರುವುದೂ ಇಂಥ ಸ್ಥಿತಿಗಾಗಿಯೇ. ಅದನ್ನು ಹಾಗೇ ಉಳಿಸಿಕೊಂಡು, ಪೆಟ್ಟು ತಿನ್ನುವ ಗಂಡಸಿಗೂ ಬೇಗ ಸಿಗುವ ಸಂರಕ್ಷಣಾ ಆದೇಶವನ್ನು ಬೇರೆ ಕಾನೂನಿನಲ್ಲಿ ತರಬೇಕು.

ವಯಸ್ಸಾದ ತಂದೆಗೆ ಮಕ್ಕಳಿಂದ ಹಿಂಸೆಯಾಗುತ್ತಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಸೊಸೆಯನ್ನು ಮನೆಯಿಂದ ಹೊರಹಾಕಲು ಆ ಕಾಯ್ದೆಯನ್ನು ಅಡ್ಡದಾರಿಯಾಗಿ ಬಳಸುವಂತಿಲ್ಲ. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.