ನಿಯಮ ಪಾಲಿಸಿಯೇ ಮಾಡುವ ಅನ್ಯಾಯ

ಮಧ್ಯಸ್ಥಿಕೆಗೆ ಬಂದ ಎರಡು ಬಣಗಳನ್ನು ಎದುರು ಕೂರಿಸಿಕೊಂಡಾಗ ನಾನು ಜಗಳದ ವಿಷಯವನ್ನು ಮೊದಲು ಎತ್ತುವುದಿಲ್ಲ. ನಡಾವಳಿ ಬರೆಯುವವರು ಯಾರು, ಕಾರ್ಯಸೂಚಿ ಯಾರ ಕೈಯಲ್ಲಿರುತ್ತದೆ, ಆಕ್ಷೇಪಣೆಗೆ ಎಷ್ಟು ದಿನ, ಒಮ್ಮತ ಬಾರದಿದ್ದರೆ ತೀರ್ಮಾನ ಹೇಗೆ? ಇಷ್ಟು ಬರಹಕ್ಕೆ ಇಳಿದ ಮೇಲೆಯೇ ಮುಂದಿನ ಮಾತು. ಇಬ್ಬರಿಗೂ ಸಿಟ್ಟು ಬರುತ್ತದೆ. ‘ವಕೀಲರೇ, ವಿಷಯಕ್ಕೆ ಬನ್ನಿ’ ಎನ್ನುತ್ತಾರೆ. ವಿಷಯಕ್ಕೆ ಬಂದ ಕೂಡಲೇ ಯಾವ ನಿಯಮದಿಂದ ಯಾರಿಗೆ ಲಾಭ ಎಂಬುದು ಎಲ್ಲರಿಗೂ ಹೊಳೆದುಬಿಡುತ್ತದೆ. ಆಮೇಲೆ ನಿಯಮದ ಬಗ್ಗೆ ಯಾರೂ ಮನಸ್ಸಿನಲ್ಲಿರುವುದನ್ನು ಹೇಳುವುದಿಲ್ಲ.

ನ್ಯಾಯಯುತ ಪ್ರಕ್ರಿಯೆ ಎಂದರೆ ನಿಯಮಪಾಲನೆ ಎಂದಷ್ಟೇ ತಿಳಿದವರು ಬಹಳ. ನಿಯಮ ಪಾಲಿಸಿಯೇ ಅನ್ಯಾಯ ಮಾಡಬಹುದು. ದಕ್ಷಿಣ ಆಫ್ರಿಕಾದ ಸಂಸತ್ತು ಅದನ್ನು ಮಾಡಿ ತೋರಿಸಿದೆ. ಕೇಪ್ ಪ್ರಾಂತ್ಯದಲ್ಲಿ ‘ಕಲರ್ಡ್’ ಎಂದು ಕರೆಯಲಾಗುತ್ತಿದ್ದ ಮಿಶ್ರ ಮೂಲದ ಮತದಾರರನ್ನು ಸಾಮಾನ್ಯ ಪಟ್ಟಿಯಿಂದ ತೆಗೆಯಬೇಕಾದರೆ ಎರಡೂ ಸದನಗಳ ಜಂಟಿ ಅಧಿವೇಶನದಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕಿತ್ತು. 1951ರಲ್ಲಿ ಸರ್ಕಾರ ಬರಿಯ ಸರಳ ಬಹುಮತದಿಂದ ಕಾಯ್ದೆ ಮಾಡಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಸರ್ಕಾರ ಸುಮ್ಮನಾಗಲಿಲ್ಲ. 1955ರಲ್ಲಿ ಸೆನೆಟ್‌ನ ಸದಸ್ಯಬಲವನ್ನು 48ರಿಂದ 89ಕ್ಕೆ ಏರಿಸಿ, ತನ್ನವರನ್ನು ತುಂಬಿಕೊಂಡು, 1956ರಲ್ಲಿ ಜಂಟಿ ಅಧಿವೇಶನದಲ್ಲಿ ಬೇಕಾದ ಬಹುಮತವನ್ನು ಪಡೆಯಿತು. ಈ ಬಾರಿ ಒಬ್ಬ ನ್ಯಾಯಾಧೀಶರ ಭಿನ್ನಮತದ ಹೊರತು ಇಡೀ ಪೀಠ ಅದನ್ನು ಎತ್ತಿಹಿಡಿಯಿತು. ಕೂಡಿ ಕಳೆದು ನೋಡಿದರೆ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ.

ಅದೇ ದೇಶ 1990ರ ದಶಕದಲ್ಲಿ ಇನ್ನೊಂದು ದಾರಿ ಹಿಡಿಯಿತು. ಚುನಾವಣೆ ನಡೆದರೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಗೆಲ್ಲುತ್ತದೆ ಎಂಬುದರಲ್ಲಿ ಯಾರಿಗೂ ಹೆಚ್ಚು ಸಂಶಯವಿರಲಿಲ್ಲ. ಜನರು ಆರಿಸದವರು ಸಂವಿಧಾನ ಬರೆಯಬಾರದು ಎಂದು ಅದು ಪಟ್ಟು ಹಿಡಿದಿತ್ತು. ಗೆದ್ದವರ ಕೈಗೆ ಲೇಖನಿ ಕೊಟ್ಟರೆ ನಮ್ಮ ಗತಿ ಏನು ಎಂಬುದು ಎದುರಿನವರ, ಅಂದರೆ ಆಗ ಅಧಿಕಾರದಲ್ಲಿದ್ದ ಬಿಳಿಯರ ಸರ್ಕಾರದ ಚಿಂತೆ. ಎರಡೂ ಮಾತು ಸರಿಯೇ. ಲಾಭ ಯಾರಿಗೆ ಎಂಬುದನ್ನು ಇಲ್ಲಿ ಮರೆಮಾಚುವಂತಿರಲಿಲ್ಲ, ಹಾಗಾಗಿ ಲಾಭ ಯಾರಿಗೆಂದು ಹೊಳೆಯುವ ಮೊದಲೇ ನಿಯಮ ಬರೆಸುವ ನನ್ನ ಉಪಾಯ ಅಲ್ಲಿ ನಡೆಯುತ್ತಿರಲಿಲ್ಲ. ಅವರು ಕಂಡುಕೊಂಡ ದಾರಿ ಹೀಗಿತ್ತು: 1993ರ ಮಧ್ಯಂತರ ಸಂವಿಧಾನದಲ್ಲಿ 34 ತತ್ವಗಳನ್ನು ಬರೆದಿಟ್ಟರು. ಚುನಾಯಿತ ಸಭೆಯೇ ಅಂತಿಮ ಸಂವಿಧಾನ ಬರೆಯಲಿ, ಆದರೆ ಅದು ಈ ತತ್ವಗಳಿಗೆ ಹೊಂದುತ್ತದೆ ಎಂದು ಹೊಸ ಸಾಂವಿಧಾನಿಕ ನ್ಯಾಯಾಲಯ ಪ್ರಮಾಣೀಕರಿಸುವವರೆಗೆ ಜಾರಿಗೆ ಬಾರದಿರಲಿ ಎಂದರು.

1996ರ ಮೇ 8ರಂದು ಸಭೆ ಭಾರಿ ಬಹುಮತದಿಂದ ಸಂವಿಧಾನವನ್ನು ಅಂಗೀಕರಿಸಿತು. ಸೆಪ್ಟೆಂಬರ್ 6ರಂದು ನ್ಯಾಯಾಲಯ ಅದನ್ನು ಹಿಂದಕ್ಕೆ ಕಳುಹಿಸಿತು. ಮಹಾಲೆಕ್ಕಪರಿಶೋಧಕರ ಸ್ವಾತಂತ್ರ್ಯಕ್ಕೆ ಸಾಕಷ್ಟು ರಕ್ಷಣೆ ಇಲ್ಲ, ಸ್ಥಳೀಯ ಆಡಳಿತದ ಚೌಕಟ್ಟು ಸಾಲದು ಎಂಬಂಥ ಕಾರಣಗಳು. ಸಭೆ ಮತ್ತೆ ಕುಳಿತು ತಿದ್ದಿತು. ಡಿಸೆಂಬರ್ 4ರಂದು ಪ್ರಮಾಣೀಕರಣ ಸಿಕ್ಕಿತು. ಇದಕ್ಕೂ ಹಿಂದಿನ ವರ್ಷ, ವಿರೋಧಿಗಳ ಆಡಳಿತವಿದ್ದ ವೆಸ್ಟರ್ನ್ ಕೇಪ್ ಪ್ರಾಂತ್ಯ ಹೂಡಿದ ದಾವೆಯಲ್ಲಿ ಇದೇ ನ್ಯಾಯಾಲಯ ಅಧ್ಯಕ್ಷ ನೆಲ್ಸನ್ ಮಂಡೇಲಾ ಹೊರಡಿಸಿದ್ದ ಘೋಷಣೆಗಳನ್ನು ರದ್ದುಪಡಿಸಿತ್ತು. ಮಂಡೇಲಾ ತಡಮಾಡದೆ ತೀರ್ಪಿಗೆ ಬಹಿರಂಗವಾಗಿ ತಲೆಬಾಗಿದರು. ಆ ಸೌಜನ್ಯ ದೊಡ್ಡದು. ಆದರೂ ವಕೀಲನಾಗಿ ನನ್ನ ಕಣ್ಣು ಹೋಗುವುದು ಬೇರೆಡೆಗೆ: ಬಹುಮತವಿದ್ದವರೇ ತಮ್ಮನ್ನು ತಡೆಯಬಲ್ಲ ಪೀಠವೊಂದನ್ನು ಮೊದಲೇ ಒಪ್ಪಿ ಸಹಿ ಹಾಕಿದ್ದರು. ಮುಂದಿನ ನಾಯಕ ಮಂಡೇಲಾ ಆಗಿರುತ್ತಾನೆ ಎಂದು ನಂಬಿ ಯಾರೂ ಕರಡು ಬರೆಯಬಾರದು.

ಆ 34ರಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. ಕೆಲವು ತತ್ವಗಳಿಗೆ ಯಾರು ಬೇಕಾದರೂ ಸಹಿ ಹಾಕಬಹುದು. ಅವುಗಳಿಂದ ಕೆಲಸವಾಗುವುದೂ ಕಡಿಮೆ. ‘ಎಲ್ಲರಿಗೂ ನ್ಯಾಯ’ ಎಂಬ ಸಾಲಿನ ಕೆಳಗೆ ಕಡುವೈರಿಗಳಿಬ್ಬರೂ ನಗುತ್ತಲೇ ರುಜು ಹಾಕುತ್ತಾರೆ. ‘ಲೆಕ್ಕಪರಿಶೋಧಕರನ್ನು ಸರ್ಕಾರ ತಾನಾಗಿ ತೆಗೆಯುವಂತಿಲ್ಲ’ ಎಂದು ಬರೆದು ನೋಡಿ, ಲೇಖನಿ ನಿಲ್ಲುತ್ತದೆ. ಹಾಗೆ ನಿಂತ ಕಡೆ ನಿಜವಾದ ಚರ್ಚೆ ಶುರುವಾಗಿದೆ ಎಂದು ನಾನು ತಿಳಿಯುತ್ತೇನೆ. ಎರಡೂ ಕಡೆಯವರಿಗೆ ಆಗ ಒಂದೇ ಪ್ರಶ್ನೆ ಹಾಕುತ್ತೇನೆ: ಈ ಅಧಿಕಾರ ನಾಳೆ ಎದುರಿನವರ ಕೈಯಲ್ಲಿದ್ದರೆ ನಿಮಗೆ ಸಮ್ಮತವೇ? ಬಹುತೇಕ ಸಲ ಉತ್ತರ ಬರುವ ಮೊದಲು ತಿದ್ದುಪಡಿ ಬರುತ್ತದೆ.

ಪ್ರಕ್ರಿಯೆ ಎಂದರೆ ಕಾಲಹರಣ ಎಂಬ ದೂರಿನಲ್ಲಿಯೂ ಹುರುಳಿದೆ. ಗಡುವಿಲ್ಲದ ವಿಚಾರಣೆ ಅಧಿಕಾರದಲ್ಲಿ ಇರುವವರಿಗೆ ಸಿಕ್ಕ ವರ. ಗಡುವು ಬರೆಯಿರಿ, ಅಷ್ಟೇ.

ಇನ್ನು ಅಹವಾಲು ಕೇಳಿದ ನಾಟಕ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಎದುರು ಪಕ್ಷದ ಮಾತನ್ನೂ ಕೇಳಬೇಕು ಎಂಬ ಸಹಜ ನ್ಯಾಯದ ಎರಡು ತತ್ವಗಳು ಹಳೆಯವು. ಎರಡನೆಯದನ್ನು ಕಾಗದದ ಮೇಲೆ ಪಾಲಿಸುವುದು ಸುಲಭ. ಆದೇಶ ಮೊದಲೇ ಟೈಪಾಗಿರುತ್ತದೆ, ಆಮೇಲೆ ವಿಚಾರಣೆಗೆ ನೋಟಿಸ್ ಹೋಗುತ್ತದೆ. ಇದನ್ನು ಹಿಡಿಯಲು ನಾನು ಆದೇಶದ ಕೊನೆಯ ಪುಟ ನೋಡುವುದಿಲ್ಲ. ಸೋತವರ ಅತ್ಯಂತ ಗಟ್ಟಿಯಾದ ವಾದವನ್ನು ಅವರೇ ‘ಹೌದು, ನಾವು ಹೇಳಿದ್ದು ಇದೇ’ ಎನ್ನುವಂತೆ ಅದರಲ್ಲಿ ಬರೆದಿದೆಯೇ, ಅದಕ್ಕೆ ಉತ್ತರವಿದೆಯೇ ಎಂದು ಹುಡುಕುತ್ತೇನೆ. ನಾನು ಕುಳಿತ ಸಭೆಗಳಲ್ಲಿ ಗೆದ್ದ ಬಣ ಇದಕ್ಕೆ ಗೊಣಗುತ್ತದೆ. ಸೋತವರ ವಾದಕ್ಕೆ ಇಷ್ಟು ಜಾಗ ಏಕೆ ಎನ್ನುತ್ತದೆ. ಕರಡಿನ ಆ ಭಾಗವನ್ನು ಸೋತವರಿಗೇ ಮೊದಲು ಓದಲು ಕೊಡುತ್ತೇನೆ. ‘ನಮ್ಮ ಮಾತು ಇದಲ್ಲ’ ಎಂದರೆ ತಿದ್ದಿದ ಮೇಲೆಯೇ ರುಜು.