50ಎಕ್ಸ್ ಜೂಮ್ ಕ್ಯಾಮೆರಾ ಹಕ್ಕಿ ಫೋಟೋಗೆ ಸಾಕಾ?

ಪ್ರಶ್ನೆ: ಹಕ್ಕಿ ಫೋಟೋ ತೆಗೆಯುವ ಹುಚ್ಚು ಹತ್ತಿದೆ. ಡಿಎಸ್‌ಎಲ್‌ಆರ್, ದೊಡ್ಡ ಲೆನ್ಸ್ ಎರಡನ್ನೂ ಕೊಳ್ಳುವಷ್ಟು ದುಡ್ಡಿಲ್ಲ. 50ಎಕ್ಸ್ ಜೂಮ್ ಇರುವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದು ಸಿಗ್ತಿದೆ. ತಗೊಳ್ಳಲಾ, ಬೇಡ್ವಾ?

ಉತ್ತರ: ನೀವು ಹಕ್ಕಿ ನೋಡಲು ಹೋಗುವುದು ಎಷ್ಟು ಗಂಟೆಗೆ? ಬಿಸಿಲು ಬಂದ ಮೇಲೆ, ಕೆರೆ ಏರಿ ಮೇಲೆ ಅಂದ್ರೆ ಧೈರ್ಯವಾಗಿ ತಗೊಳ್ಳಿ. ನಸುಕಿನಲ್ಲಿ, ಕಾಡಿನ ನೆರಳಲ್ಲಿ ಅಂದ್ರೆ ಸ್ವಲ್ಪ ತಡೆಯಿರಿ.

ಈ ಕ್ಯಾಮೆರಾಗಳ ಒಳ್ಳೆಯದು ಕೆಟ್ಟದ್ದು ಎರಡೂ ಸೆನ್ಸರ್‌ನಲ್ಲೇ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಇದೆ. ಅದರ ಅಳತೆ ಸುಮಾರು 6.2 × 4.6 ಮಿ.ಮೀ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದಕ್ಕೇ ಚಿಕ್ಕ ಲೆನ್ಸ್ ಸಾಕಾಗುತ್ತದೆ. 2012ರಲ್ಲಿ ಬಂದ ಕ್ಯಾನನ್ ಎಸ್‌ಎಕ್ಸ್50ರ ಲೆನ್ಸ್‌ನ ಫೋಕಲ್ ಲೆಂಗ್ತ್ (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ನಿಜಕ್ಕೂ 215 ಮಿ.ಮೀ. ಅಷ್ಟೇ. ಆದರೆ ಹಕ್ಕಿ ಕಾಣುವುದು ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾಗೆ 1200 ಮಿ.ಮೀ. ಲೆನ್ಸ್ ಹಾಕಿದಷ್ಟು ಹತ್ತಿರ. 2015ರ ನಿಕಾನ್ ಪಿ900ರಲ್ಲಿ 2000 ಮಿ.ಮೀ. ಲೆನ್ಸ್‌ನಷ್ಟು. ದೊಡ್ಡ ಕ್ಯಾಮೆರಾದಲ್ಲಿ ಅಷ್ಟು ದೂರ ಹೋಗಬೇಕೆಂದರೆ ಸೈಟು ಮಾರಬೇಕು!

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಒಮ್ಮೆ ರಸ್ತೆಯಲ್ಲೇ ನಿಂತು ಜೂಮ್ ಎಳೆದೆ. ಮರದ ತುದಿಯ ಗೂಡಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮರಿ ತಾಯಿಯ ಗಂಟಲ ಚೀಲಕ್ಕೆ ಕುತ್ತಿಗೆವರೆಗೂ ತಲೆ ತೂರಿಸಿ ಮೀನು ತಿನ್ನುತ್ತಿತ್ತು. ಒಳಗೆ ಮರಿಯ ತಲೆ ಆಡಿದಾಗ ಚೀಲದ ತೊಗಲು ಉಬ್ಬುತ್ತಿದ್ದುದೂ ಫೋಟೋದಲ್ಲಿ ಬಂತು. ಅವತ್ತೇ ಸಂಜೆ ಆರಕ್ಕೆ ಪೊಟರೆಯಲ್ಲೊಂದು ಹಾಲಕ್ಕಿ ಕಂಡಿತು. ಫೋಟೋ ನೋಡಿದರೆ ಗರಿಯೆಲ್ಲ ಕಲಸಿದ ರಾಗಿ ಹಿಟ್ಟು!

ಕಾರಣ ಬೆಳಕು. ಸೆನ್ಸರ್ ಮೊದಲೇ ಚಿಕ್ಕದು. ಮೇಲೆ ಪೂರ್ತಿ ಜೂಮ್ ಎಳೆದರೆ ಎಸ್‌ಎಕ್ಸ್50ರ ಬಾಯಿ ಎಫ್/3.4ರಿಂದ ಎಫ್/6.5ಕ್ಕೆ ಕಿರಿದಾಗುತ್ತದೆ (ಈ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಚಿಕ್ಕದು). ಸೆನ್ಸರ್‌ಗೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಫೋಟೋ ತುಂಬ ಕಾಳುಕಾಳು.

ಹಾರುವ ಹಕ್ಕಿ ಬೇಕಾ? ಆಸೆ ಬಿಡಿ. ಫೋಕಸ್ ಸಿಗುವಷ್ಟರಲ್ಲಿ ಅದು ಪಕ್ಕದೂರು ಸೇರಿರುತ್ತದೆ. ಕೂತ ಹಕ್ಕಿಯೂ ಪೂರ್ತಿ ಜೂಮ್‌ನಲ್ಲಿ ಕೈ ಅಲುಗಿದರೆ ಎಲೆಗಳ ನಡುವೆ ಕಳೆದುಹೋಗುತ್ತದೆ. ಎಸ್‌ಎಕ್ಸ್50ರಲ್ಲಿ ಲೆನ್ಸ್ ಪಕ್ಕದಲ್ಲೊಂದು ಗುಂಡಿ ಇದೆ. ಒತ್ತಿ ಹಿಡಿದರೆ ಜೂಮ್ ಹಿಂದಕ್ಕೆ ಬರುತ್ತದೆ, ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಇದು ರೂಢಿಯಾದರೆ ಅರ್ಧ ಕೆಲಸ ಮುಗಿದಂತೆ. ಕಾರಿನಲ್ಲಿದ್ದರೆ ಕಿಟಕಿ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಊರಿ. ಎಂಜಿನ್ ಆಫ್ ಇರಲಿ. ಮಟಮಟ ಮಧ್ಯಾಹ್ನ ತೀರಾ ದೂರದ ಹಕ್ಕಿಗೆ ಹೋಗಬೇಡಿ, ನೆಲದ ಝಳಕ್ಕೆ ಚಿತ್ರ ಕುಣಿಯುತ್ತದೆ.

ಡಬ್ಬದ ಮೇಲೆ 'ಆಪ್ಟಿಕಲ್ ಜೂಮ್' (ಲೆನ್ಸೇ ಮಾಡುವ ಜೂಮ್) ಎಷ್ಟು ಅಂತ ನೋಡಿ. 'ಡಿಜಿಟಲ್ ಜೂಮ್' ಅಂದ್ರೆ ಸುಮ್ನೆ ಫೋಟೋ ಕತ್ತರಿಸಿ ಹಿಗ್ಗಿಸುವುದು, ಅಷ್ಟಕ್ಕೆ ನಿಮ್ಮ ಫೋನೇ ಸಾಕು.

ಸೆಕೆಂಡ್ ಹ್ಯಾಂಡ್‌ನಲ್ಲಿ ನನಗೆ ಜಾಸ್ತಿ ಭಯ ಧೂಳಿನದ್ದು. ಜೂಮ್ ಹೊರಗೆ ಒಳಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಈ ಲೆನ್ಸ್ ಕಳಚಲು ಬರುವುದಿಲ್ಲ. ನನ್ನದನ್ನು ಬಿಚ್ಚಿ ಒರೆಸಲು ರಿಪೇರಿಯವರು ಕೇಳಿದ ದುಡ್ಡಿಗೆ ಇನ್ನೊಂದು ಹಳೇ ಕ್ಯಾಮೆರಾ ಬರುತ್ತಿತ್ತು. ಕೊಳ್ಳುವ ಮೊದಲು ಜೂಮನ್ನು ಹತ್ತು ಸಲ ಆಡಿಸಿ, ಕರಕರ ಸದ್ದು ಬರುತ್ತಾ ಕೇಳಿ. ಆಮೇಲೆ ಪೂರ್ತಿ ಜೂಮ್‌ನಲ್ಲಿ, ಎಫ್/8 ಇಟ್ಟು, ಖಾಲಿ ಆಕಾಶದ ಒಂದು ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಚೌಕಾಸಿಗೆ ಇಳಿಯಬೇಡಿ, ವಾಪಸ್ ಕೊಟ್ಟು ಬನ್ನಿ.