ಕೋಲಿಲ್ಲ, ಅಳತೆಗೋಲಿದೆ

ಹೋದ ತಿಂಗಳು ಒಬ್ಬರು ಬಂದಿದ್ದರು. ಅವರ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬಿ, ಕೆಲವು ಕಾಲ ಕುಸಿಯುವ ಕಾಯಿಲೆ. ಬೇರೆ ಡಾಕ್ಟರ ಹತ್ತಿರ ಒಂದೂವರೆ ವರ್ಷದಿಂದ ಲಿಥಿಯಂ ಮಾತ್ರೆ ನಡೆಯುತ್ತಿತ್ತು. ಅಷ್ಟು ದಿನದಲ್ಲಿ ಒಂದು ಸಲವೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಕೈ ನಡುಕ ಜಾಸ್ತಿಯಾಗಿ, ವಾಂತಿ-ಭೇದಿ ಶುರುವಾದ ಮೇಲೆಯೇ ಗೊತ್ತಾಗಿದ್ದು, ರಕ್ತದಲ್ಲಿ ಲಿಥಿಯಂ ಮಿತಿಮೀರಿದೆ ಎಂದು. ತಮ್ಮ ಚೇತರಿಸಿಕೊಂಡಿದ್ದ. ಅಣ್ಣನ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನಿಮ್ಮ ಮನೋವೈದ್ಯರದ್ದೇ ಒಂದು ಸಂಘ ಇದೆಯಲ್ವಾ ಡಾಕ್ಟ್ರೇ? ಅಲ್ಲಿಗೆ ಬರೆದರೆ ಆ ಮನುಷ್ಯನ ಲೈಸೆನ್ಸ್ ಕಿತ್ತುಕೊಳ್ತಾರಾ?"

ಇಲ್ಲ ಎಂದೆ. ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು ಕಾನೂನಿನ ಪ್ರಕಾರ ರಚನೆಯಾದ ಮೆಡಿಕಲ್ ಕೌನ್ಸಿಲ್‌ನಂಥ ಸಂಸ್ಥೆ. ಸಂಘ ಹೆಚ್ಚೆಂದರೆ ಸದಸ್ಯತ್ವ ರದ್ದು ಮಾಡಬಹುದು. ಅದರ ಮರುದಿನವೂ ಆ ಡಾಕ್ಟರು ಕ್ಲಿನಿಕ್ ತೆರೆದು ಕೂರಬಹುದು.

"ಹಾಗಾದರೆ ಸಂಘ ಯಾಕೆ? ವರ್ಷಕ್ಕೊಮ್ಮೆ ಸೇರಿ ಫೋಟೋ ತೆಗೆಸಿಕೊಳ್ಳೋಕಾ?"

ಮಾತು ಒರಟು, ಪ್ರಶ್ನೆ ಸರಿ.

ನಮ್ಮ ವಿಭಾಗಕ್ಕೆ ಒಂದು ಕಷ್ಟವಿದೆ. ಸಕ್ಕರೆ ಕಾಯಿಲೆಗೆ ಒಂದು ಸಂಖ್ಯೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವಂಥ ಸ್ಕಿಜೋಫ್ರೇನಿಯಾ ಕಾಯಿಲೆಯನ್ನು ತೋರಿಸುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ನಾವು ನೋಡುತ್ತೇವೆ, ಕೇಳುತ್ತೇವೆ, ತೀರ್ಮಾನಿಸುತ್ತೇವೆ. ಒಬ್ಬೊಬ್ಬರು ಒಂದೊಂದು ತೀರ್ಮಾನಕ್ಕೆ ಬಂದರೆ? ಹಾಗೆ ಆಗಿಯೂ ಇದೆ. 1960ರ ದಶಕದ ಕೊನೆಗೆ ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳನ್ನು ಹೋಲಿಸಿ ಒಂದು ಅಧ್ಯಯನ ನಡೆಯಿತು. ನ್ಯೂಯಾರ್ಕಿನ ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಿದ್ದ ಎಷ್ಟೋ ಜನರನ್ನು ಲಂಡನ್ನಿನವರು ಆ ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ. ವ್ಯತ್ಯಾಸ ಬಹುಪಾಲು ರೋಗಿಗಳಲ್ಲಿ ಇರಲಿಲ್ಲ, ವೈದ್ಯರಲ್ಲಿತ್ತು.

ಇಂಥ ಕಡೆ ಎಲ್ಲರೂ ಒಪ್ಪುವ ಅಳತೆ ಬೇಕು. ಅದನ್ನು ಒಬ್ಬ ವೈದ್ಯ ಮನೆಯಲ್ಲಿ ಕೂತು ಬರೆಯಲು ಆಗಲ್ಲ. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಡಿಎಸ್‌ಎಂ ಎಂಬ ಕೈಪಿಡಿ ತಂದಿತು. 1980ರ ಮೂರನೇ ಆವೃತ್ತಿಯಲ್ಲಿ ಯಾವ ಲಕ್ಷಣ, ಎಷ್ಟು ಲಕ್ಷಣ, ಎಷ್ಟು ದಿನ ಎಂದು ಬಿಡಿಸಿ ಬರೆಯಿತು. ಅದರ ಮೇಲೆ ನನಗೆ ತಕರಾರುಗಳಿವೆ. ಮನುಷ್ಯನ ಸಂಕಟ ಪಟ್ಟಿಯಲ್ಲಿ ಟಿಕ್ ಹಾಕಿದಷ್ಟು ಸಲೀಸಲ್ಲ. ಆದರೂ ಪಟ್ಟಿ ಇಲ್ಲದ ಕಾಲ ಇನ್ನೂ ಕೆಟ್ಟದಾಗಿತ್ತು.

ಚಿಕಿತ್ಸೆಗೂ ಇದೇ ಮಾತು. ಲಿಥಿಯಂ ಶುರು ಮಾಡುವ ಮುಂಚೆ ಕಿಡ್ನಿ, ಥೈರಾಯ್ಡ್ ನೋಡಿ, ಆಮೇಲೆ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಅಳೆಯಿರಿ ಎಂದು ಸಂಘಗಳ ಗೈಡ್‌ಲೈನ್‌ಗಳು ಹೇಳುತ್ತವೆ. ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಅಷ್ಟು ಕಡಿಮೆ. ಆ ಅಣ್ಣ ದೂರು ಕೊಟ್ಟರೆ ಕೌನ್ಸಿಲ್ ಮೊದಲು ಕೇಳುವುದು, ಒಬ್ಬ ಸಾಮಾನ್ಯ ಮನೋವೈದ್ಯ ಇಲ್ಲಿ ಏನು ಮಾಡಬೇಕಿತ್ತು ಎಂದು. ಅದಕ್ಕೆ ಉತ್ತರ ಸಿಗುವುದು ಇಂಥ ಕಾಗದಗಳಲ್ಲೇ. ಸಂಘದ ಕೈಯಲ್ಲಿ ಕೋಲಿಲ್ಲ. ಅಳತೆಗೋಲಿದೆ.

ಅಳತೆಗೋಲೇ ಸೊಟ್ಟಗಿದ್ದರೆ? ಸಲಿಂಗ ಪ್ರೇಮವನ್ನು ಅದೇ ಡಿಎಸ್‌ಎಂ ಕಾಯಿಲೆ ಎಂದು ಬರೆದುಕೊಂಡಿತ್ತು. 1972ರಲ್ಲಿ ಡಲ್ಲಾಸ್‌ನಲ್ಲಿ ಸಂಘದ ವಾರ್ಷಿಕ ಸಭೆ ನಡೆದಾಗ ಜಾನ್ ಫ್ರೈಯರ್ ಎಂಬ ಮನೋವೈದ್ಯ ಮುಖವಾಡ ಹಾಕಿಕೊಂಡು, ದನಿ ಬದಲಿಸುವ ಮೈಕ್ ಹಿಡಿದು, ತಾನೂ ಸಲಿಂಗ ಪ್ರೇಮಿ ಎಂದು ಹೇಳಿಕೊಂಡರು. ಸ್ವಂತ ಸಹೋದ್ಯೋಗಿಗಳ ಮುಂದೆ ಮುಖ ತೋರಿಸಿದರೆ ಕೆಲಸ ಹೋಗುತ್ತಿದ್ದ ಕಾಲ ಅದು. ಮರುವರ್ಷ ಡಿಸೆಂಬರಿನಲ್ಲಿ ಸಂಘದ ಆಡಳಿತ ಮಂಡಳಿ ಆ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಒಪ್ಪದವರು ಪಟ್ಟು ಹಿಡಿದರು. 1974ರಲ್ಲಿ ಸದಸ್ಯರೆಲ್ಲರ ಮತ ಕೇಳಿದಾಗ ಶೇ. 58ರಷ್ಟು ಜನ ಮಂಡಳಿಯ ಪರ ನಿಂತರು. ಕಾಯಿಲೆ ಹೌದೋ ಅಲ್ಲವೋ ಎಂದು ವೋಟು ಹಾಕಿದ್ದೀರಲ್ಲ ಎಂದು ಈಗಲೂ ನಮ್ಮನ್ನು ಆಡಿಕೊಳ್ಳುತ್ತಾರೆ. ಮುಜುಗರದ ಸಂಗತಿಯೇ. ಆದರೆ ತಪ್ಪನ್ನು ಎಲ್ಲರೆದುರು ತಿದ್ದಿಕೊಳ್ಳಲು ಒಂದು ಜಾಗವಾದರೂ ಇತ್ತು.

ಬಾಯಿಗೆ ಬೀಗ ಹಾಕುವ ಕೆಲಸವೂ ಸಂಘದ್ದೇ. 1964ರಲ್ಲಿ ಒಂದು ಪತ್ರಿಕೆ ಅಮೆರಿಕದ 12,356 ಮನೋವೈದ್ಯರಿಗೆ ಪತ್ರ ಬರೆದು, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಯೋಗ್ಯರೇ ಎಂದು ಕೇಳಿತು. 1,189 ಜನ ಅಲ್ಲ ಎಂದು ಉತ್ತರಿಸಿದರು. ಅವರೇನೂ ಗೋಲ್ಡ್‌ವಾಟರ್ ಅವರನ್ನು ಎದುರು ಕೂರಿಸಿಕೊಂಡು ಪರೀಕ್ಷಿಸಿದವರಲ್ಲ. ಗೋಲ್ಡ್‌ವಾಟರ್ ಪತ್ರಿಕೆಯ ಮೇಲೆ ಮಾನನಷ್ಟ ಕೇಸು ಹಾಕಿ ಗೆದ್ದರು. 1973ರಲ್ಲಿ ಸಂಘ ನಿಯಮ ಮಾಡಿತು: ನೀವು ಪರೀಕ್ಷಿಸದ, ಅನುಮತಿ ಕೊಡದ ಯಾರ ಬಗ್ಗೆಯೂ ವೃತ್ತಿಪರ ಅಭಿಪ್ರಾಯ ಹೇಳಬೇಡಿ. ಟಿವಿಯವರು ಫೋನ್ ಮಾಡಿ "ಆ ನಟನಿಗೆ ಏನಾಗಿದೆ ಹೇಳಿ ಸರ್" ಎಂದಾಗ ನನಗೆ ಈ ನಿಯಮ ಬಹಳ ಉಪಕಾರ ಮಾಡಿದೆ.

ಸಂಘಗಳನ್ನು ಹೊಗಳುತ್ತಾ ಕೂರಲು ನನಗೆ ಮನಸ್ಸಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದವರಿಗೆ ಸ್ಕಿಜೋಫ್ರೇನಿಯಾದ ಹಣೆಪಟ್ಟಿ ಹಚ್ಚಿ ಆಸ್ಪತ್ರೆಗೆ ದೂಡಿದಾಗ ಅಲ್ಲಿನ ಸಂಘ ತಡೆಯಲಿಲ್ಲ, ಸಮರ್ಥಿಸಿಕೊಂಡಿತು. ಬೇರೆ ದೇಶಗಳ ಸಂಘಗಳು ಒತ್ತಡ ಹಾಕಿದ ಮೇಲೆ, ವಿಶ್ವ ಮನೋವೈದ್ಯರ ಸಂಘದಿಂದ ಹೊರಹಾಕುವ ಮೊದಲೇ 1983ರಲ್ಲಿ ತಾನೇ ಹೊರನಡೆಯಿತು. ಮರಳಿ ಸೇರಿಸಿಕೊಂಡದ್ದು 1989ರಲ್ಲಿ, ಷರತ್ತಿನ ಮೇಲೆ. ಇನ್ನು ಔಷಧ ಕಂಪನಿಗಳ ಹಣದ ಕಥೆ. ಬೆಳಿಗ್ಗೆ ಒಂದು ಮಾತ್ರೆಯ ಬಗ್ಗೆ ಭಾಷಣ, ಮಧ್ಯಾಹ್ನ ಅದೇ ಮಾತ್ರೆಯ ಕಂಪನಿ ಕೊಟ್ಟ ಚೀಲ ಕೈಯಲ್ಲಿ. ನಾನೂ ಅಂಥ ಚೀಲ ಹಿಡಿದವನೇ.

ಹಾಗಿದ್ದೂ ಪ್ರತಿವರ್ಷ ಚಂದಾ ಕಟ್ಟುತ್ತೇನೆ. ಕಾರಣ ಬೇರೆ. ಸರ್ಜನ್ ತಪ್ಪು ಮಾಡಿದರೆ ಆಪರೇಷನ್ ಥಿಯೇಟರಿನಲ್ಲಿ ನಾಲ್ಕು ಜನ ನೋಡುತ್ತಾರೆ. ನನ್ನ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ವೃತ್ತಿಯ ಆರಂಭದಲ್ಲಿ ನನ್ನ ರೋಗಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಆಸ್ಪತ್ರೆಯಿಂದ ಮನೆಗೆ ಹೋಗಿ ಎಂಟು ದಿನ ಆಗಿತ್ತು. ಸಂಘದ ಹಿರಿಯರೊಬ್ಬರು ತಾವಾಗಿ ಫೋನ್ ಮಾಡಿ, ತಿಂಗಳ ಕೇಸ್ ಚರ್ಚೆಗೆ ಫೈಲ್ ಸಮೇತ ಬಾ ಎಂದರು. ಆರು ಜನ ಸಾಲು ಸಾಲಾಗಿ ಓದಿದರು. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ ಕೇಳಿದರು: "ಡಿಸ್ಚಾರ್ಜ್ ಆದ ಮೊದಲ ವಾರ ಫೋನ್ ಮಾಡಿದ್ಯಾ?" ಮಾಡಿರಲಿಲ್ಲ. ಆಸ್ಪತ್ರೆ ಬಿಟ್ಟ ಮೊದಲ ವಾರಗಳೇ ಅತಿ ಅಪಾಯದವು ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಂದಿನಿಂದ ಆ ಫೋನ್ ತಪ್ಪಿಸಿಲ್ಲ.

ಅಣ್ಣನಿಗೆ ಇಷ್ಟೆಲ್ಲ ಹೇಳಲಿಲ್ಲ. ದೂರನ್ನು ಕೌನ್ಸಿಲ್‌ಗೆ ಬರೆಯಿರಿ, ದಿನಾಂಕಗಳ ಸಮೇತ ಚೀಟಿಗಳ ನಕಲು ಇಡಿ, ಸಂಘದ ನೈತಿಕ ಸಮಿತಿಗೂ ಒಂದು ಪ್ರತಿ ಕಳಿಸಿ ಎಂದೆ. ಲಿಥಿಯಂ ಗೈಡ್‌ಲೈನ್ ಪ್ರಿಂಟ್ ತೆಗೆದು, ರಕ್ತ ಪರೀಕ್ಷೆಯ ಸಾಲಿನ ಕೆಳಗೆ ಗೆರೆ ಎಳೆದು ಕೊಟ್ಟೆ.

"ಇದು ಆ ಡಾಕ್ಟರ ಹತ್ತಿರಾನೂ ಇರುತ್ತಾ?"

"ಸದಸ್ಯರಾಗಿದ್ದರೆ ಕಳಿಸಿರ್ತಾರೆ."

"ಓದಿದ್ದಾರಾ ಅಂತ ಯಾರು ನೋಡ್ತಾರೆ?"

ಯಾರೂ ಇಲ್ಲ ಎಂದೆ. ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ತಮ್ಮನ ಮುಂದಿನ ರಕ್ತ ಪರೀಕ್ಷೆ ಯಾವತ್ತು ಎಂದು ಕೇಳಿ ಬರೆದುಕೊಂಡರು.